ಸೌತೆಕಾಯಿಯ ಮೊಸಳೆ

ಮುಂಬಯಿಯ ಪವಾಯಿ ಕೆರೆಯಲ್ಲಿ ನಿಜವಾದ ಮೊಸಳೆಗಳಿವೆ. ಬೆಳಗಿನ ವಾಕಿಂಗಿಗೆ ಹೋಗುವವರಲ್ಲಿ ಕೆಲವರು ಕಣ್ಣಾರೆ ನೋಡಿದ್ದಾರೆ, ನೋಡದವರು ಫೋಟೋ ಫಾರ್ವರ್ಡ್ ಮಾಡಿದ್ದಾರೆ. ಕಳೆದ ಸೋಮವಾರ ಬೆಳಗ್ಗೆ ಐದೂಮುಕ್ಕಾಲಕ್ಕೆ ನಮ್ಮ ಅಡುಗೆಮನೆಯಲ್ಲಿ ಹುಟ್ಟಿದ ಮೊಸಳೆ ಮಾತ್ರ ಸೌತೆಕಾಯಿಯದ್ದು. ಕಣ್ಣಿಗೆ ಎರಡು ಕಾಳುಮೆಣಸು, ಹಲ್ಲಿಗೆ ಗರಗಸದಂತೆ ಕೊಯ್ದ ಸಿಪ್ಪೆ, ಬಾಯಲ್ಲಿ ಒಂದು ಪುಟ್ಟ ಟೊಮೆಟೊ. ಅದು ಬೇಟೆ. ಇಪ್ಪತ್ತೈದು ನಿಮಿಷ ಹಿಡಿಯಿತು. ಮಧ್ಯಾಹ್ನ ಡಬ್ಬಿ ತೆರೆದರೆ ಮೊಸಳೆ ಹೋದ ಹಾಗೆಯೇ ತಿರುಗಿ ಬಂದಿತ್ತು, ಟೊಮೆಟೊ ಸಮೇತ. ಬೆಳಗ್ಗೆಗಿಂತ ಸ್ವಲ್ಪ ವಯಸ್ಸಾಗಿತ್ತು, ಅಷ್ಟೇ.

‘ಯಾಕೋ ತಿನ್ನಲಿಲ್ಲ?’ ಅಂದೆ.

‘ಅದು ನನ್ನನ್ನೇ ನೋಡ್ತಾ ಇತ್ತು ಪಪ್ಪಾ,’ ಅಂದ ಎರಡನೇ ಇಯತ್ತೆಯ ಮಗ.

ಡಬ್ಬಿ ಕಟ್ಟುವ ಕೆಲಸ ನನ್ನ ಪಾಲಿಗೆ ಬಂದದ್ದು ಹೆಂಡತಿಯ ಆಫೀಸು ಐರೋಲಿಗೆ ಹೋದ ಮೇಲೆ. ಅವಳು ಏಳರೊಳಗೆ ಮನೆ ಬಿಡಬೇಕು, ಇಲ್ಲದಿದ್ದರೆ ಜೋಗೇಶ್ವರಿ-ವಿಕ್ರೋಲಿ ಲಿಂಕ್ ರೋಡಿನಲ್ಲೇ ಸಂಸಾರ ಹೂಡಬೇಕು. ಎರಡು ಚಪಾತಿ, ಒಂದಿಷ್ಟು ಪಲ್ಯ, ಮೇಲೊಂದು ಮುಚ್ಚಳ, ಇದರಲ್ಲೇನು ಮಹಾ ಎಂದುಕೊಂಡು ಒಪ್ಪಿಕೊಂಡೆ. ಆಮೇಲೆ ಶಾಲೆಯ ಸುತ್ತೋಲೆ ಓದಿದೆ. ಸೋಮವಾರ ಚಪಾತಿ ಮತ್ತು ಹಸಿರು ತರಕಾರಿ. ಮಂಗಳವಾರ ಮೊಳಕೆ ಕಾಳು. ಬುಧವಾರ ಇಡ್ಲಿ ಅಥವಾ ದೋಸೆ. ಗುರುವಾರ ಸಿರಿಧಾನ್ಯ. ಶುಕ್ರವಾರ ‘ಅಚ್ಚರಿಯ ಡಬ್ಬಿ’. ಅಚ್ಚರಿ ಯಾರಿಗೆ ಎಂದು ಬರೆದಿರಲಿಲ್ಲ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿತ್ತು. ವರ್ಷ ಮುಗಿಯಿತು, ನಮ್ಮ ಗುರುವಾರ ಮುಗಿಯಲಿಲ್ಲ. ಸುತ್ತೋಲೆಯ ಕೊನೆಗೆ ದಪ್ಪ ಅಕ್ಷರದಲ್ಲಿ ಮೂರು ಅಪ್ಪಣೆ: ತಿಂಡಿ ಒಣಗಿದ್ದಾಗಿರಲಿ, ನೋಡಲು ಆಕರ್ಷಕವಾಗಿರಲಿ, ಮಕ್ಕಳು ಒಬ್ಬರದನ್ನೊಬ್ಬರು ಹಂಚಿಕೊಂಡು ತಿನ್ನಕೂಡದು. ಅದೇ ಶಾಲೆಯ ಮೆಟ್ಟಿಲ ಗೋಡೆಯ ಮೇಲೆ ‘ಶೇರಿಂಗ್ ಈಸ್ ಕೇರಿಂಗ್’ ಎಂದು ಕಾಮನಬಿಲ್ಲಿನ ಬಣ್ಣದಲ್ಲಿ ಬರೆಸಿದ್ದಾರೆ.

ನಮ್ಮ ಇಯತ್ತೆಯ ಪೋಷಕರ ವಾಟ್ಸಾಪ್ ಗುಂಪಿದೆ. ಬೆಳಗ್ಗೆ ಆರೂವರೆಗೆ ಅಲ್ಲಿ ಪ್ರದರ್ಶನ ಶುರು. ಹದಿನೇಳನೇ ಮಹಡಿಯವರು ಬೀಟ್ರೂಟ್ ಹಿಟ್ಟಿನ ಇಡ್ಲಿಯಲ್ಲಿ ಗುಲಾಬಿ ಹಂದಿಮರಿ ಮಾಡುತ್ತಾರೆ. ಪಕ್ಕದ ಟವರಿನವರು ಪನೀರಿನ ಇಗ್ಲೂ ಕಟ್ಟಿ, ಅದರ ಬಾಗಿಲಲ್ಲಿ ಕಪ್ಪು ಆಲಿವಿನ ಪೆಂಗ್ವಿನ್ ನಿಲ್ಲಿಸುತ್ತಾರೆ. ಜಪಾನಿನಲ್ಲಿ ಈ ಕಲೆಗೆ ‘ಕ್ಯಾರಾಬೆನ್’ ಎಂಬ ಹೆಸರೇ ಇದೆಯಂತೆ; ಅನ್ನದಲ್ಲಿ ಕಾರ್ಟೂನು ಮುಖ ಬಿಡಿಸುವುದು. ಇದನ್ನು ಗುಂಪಿಗೆ ತಿಳಿಸಿದವರು ಸಾಕಷ್ಟು ಮಂದಿ. ಅದೇ ಜಪಾನಿನ ಪ್ರಾಥಮಿಕ ಶಾಲೆಗಳಲ್ಲಿ ಬಹುಪಾಲು ಮಕ್ಕಳು ಶಾಲೆಯೇ ಕೊಡುವ, ಎಲ್ಲರಿಗೂ ಒಂದೇ ಆದ ಊಟ ಉಣ್ಣುತ್ತಾರೆ, ಏಪ್ರನ್ ಕಟ್ಟಿಕೊಂಡು ತಾವೇ ಬಡಿಸುತ್ತಾರೆ ಎಂಬುದನ್ನು ಮಾತ್ರ ಯಾರೂ ಫಾರ್ವರ್ಡ್ ಮಾಡಲಿಲ್ಲ. ಆ ಊಟದ ಫೋಟೋ ಅಷ್ಟು ಚೆನ್ನಾಗಿ ಬರುವುದಿಲ್ಲ.

ಗುಂಪಿನಲ್ಲಿ ಬರುವುದೆಲ್ಲ ಹೋಗುವ ಡಬ್ಬಿಯ ಫೋಟೋ. ತಿರುಗಿ ಬಂದ ಡಬ್ಬಿಯ ಫೋಟೋ ಒಬ್ಬರೂ ಹಾಕಿದ್ದಿಲ್ಲ. ಸೋಮವಾರ ನಾನು ಹಾಕಿದೆ: ಮುದುಕ ಮೊಸಳೆ, ಅದರ ಕೆಳಗೆ ಒದ್ದೆಯಾದ ಚಪಾತಿ, ಮೂಲೆಯಲ್ಲಿ ಚಟ್ನಿಯಲ್ಲಿ ಮುಳುಗಿದ ದ್ರಾಕ್ಷಿ. ನಲವತ್ತು ನಿಮಿಷ ಗುಂಪು ಉಸಿರೆತ್ತಲಿಲ್ಲ. ಆಮೇಲೆ ಯಾರೋ ಮಧ್ಯಾಹ್ನ ಮೂರು ಗಂಟೆಗೆ ‘ಗುಡ್ ಮಾರ್ನಿಂಗ್’ ಗುಲಾಬಿ ಕಳಿಸಿ ಪರಿಸ್ಥಿತಿ ಸರಿಪಡಿಸಿದರು.

ಚಪಾತಿಯನ್ನು ನಕ್ಷತ್ರದ ಆಕಾರಕ್ಕೆ ಕತ್ತರಿಸುವ ಅಚ್ಚು ತಂದಿದ್ದೇನೆ. ಲಟ್ಟಿಸಿ, ಬೇಯಿಸಿ, ಅಚ್ಚು ಒತ್ತಿದರೆ ಒಂದು ಚಪಾತಿಯಲ್ಲಿ ಎರಡು ನಕ್ಷತ್ರ ಏಳುತ್ತವೆ. ಒತ್ತಿ ಹಿಡಿದರೆ ಮೂರು. ಉಳಿದದ್ದು ಎರಡು-ಮೂರು ತೂತಿನ ಜಾಳಿಗೆ. ಅದನ್ನು ಎಸೆಯಲು ಕೈ ಬರುವುದಿಲ್ಲ, ನಿಂತಲ್ಲೇ ಬಾಯಿಗೆ ಹಾಕಿಕೊಳ್ಳುತ್ತೇನೆ. ನಕ್ಷತ್ರ ಅವನಿಗೆ, ಆಕಾಶ ನನಗೆ. ಹಣ್ಣಿನ ಚಿಟ್ಟೆ ಮಾಡಿದ ದಿನ ಸೇಬಿನ ಮುಕ್ಕಾಲು ನನ್ನದು, ಗಜ್ಜರಿಯ ಹೂವು ಅರಳಿದ ದಿನ ಹೂವಿನ ಸುತ್ತಲಿನ ತೋಟವೆಲ್ಲ ನನ್ನದು. ಜೂನಿನಿಂದ ನವೆಂಬರಿಗೆ ಮಗ ಒಂದು ಕಿಲೋ ಏರಲಿಲ್ಲ. ನಾನು ನಾಲ್ಕು ಏರಿದ್ದೇನೆ. ಮಕ್ಕಳ ಪೌಷ್ಟಿಕ ಡಬ್ಬಿಯಿಂದ ಯಾರಿಗೂ ಲಾಭವಿಲ್ಲ ಎಂದು ಮಾತ್ರ ದಯವಿಟ್ಟು ಹೇಳಬೇಡಿ.

ಕುಂದಾಪುರದಿಂದ ಬಂದಿದ್ದ ಅಮ್ಮ ಒಂದು ವಾರ ಸುಮ್ಮನೆ ಕೂತು ಇದನ್ನೆಲ್ಲ ನೋಡಿದಳು. ಎಂಟನೇ ದಿನ ಕೇಳಿದಳು: ‘ಎಂತದು ಮಗಾ ಇದು? ತಿಂಬುದಾ, ದೇವರ ಮುಂದೆ ಇಡುದಾ?’

ಅಮ್ಮನ ಪ್ರಶ್ನೆಗೆ ಉತ್ತರ ನಮ್ಮ ಬಾಲ್ಕನಿಯಿಂದಲೇ ಕಾಣುತ್ತದೆ. ಪವಾಯಿ ಕೆರೆಯನ್ನು 1891ರಲ್ಲಿ ಕಟ್ಟಿದ್ದು ಮುಂಬಯಿಗೆ ಕುಡಿಯುವ ನೀರು ಕೊಡಲಿಕ್ಕೆ. ನೀರು ಕುಡಿಯಲು ಯೋಗ್ಯವಲ್ಲ ಎಂದಾದ ಮೇಲೆ ಉಳಿದದ್ದು ನೋಟ. ಆ ನೋಟಕ್ಕೆ ನಾವು ಫ್ಲ್ಯಾಟು ಕೊಳ್ಳುವಾಗ ಚದರಡಿಯ ಲೆಕ್ಕದಲ್ಲಿ ದುಡ್ಡು ಕೊಟ್ಟಿದ್ದೇವೆ. ಕುಡಿಯಲಿಕ್ಕೆ ಕಟ್ಟಿದ್ದನ್ನು ನೋಡಲಿಕ್ಕೆ ಇಟ್ಟುಕೊಂಡ ಊರಿನವರು ತಿನ್ನಲಿಕ್ಕೆ ಕಟ್ಟಿದ್ದನ್ನು ಬೇರೆ ಏನು ಮಾಡುತ್ತಾರೆ?

ಇನ್ನು ‘ಆರೋಗ್ಯಕರ’ದ ವಿಷಯ. ಗುರುವಾರದ ಪೀಡೆ ಕಳೆಯಲೆಂದು ಒಂದು ಅಂಗಡಿಯಿಂದ ರಾಗಿ ಕುಕ್ಕಿ ತಂದೆ. ಪೊಟ್ಟಣದ ಮೇಲೆ ಹೊಲ, ಹೊಲದಲ್ಲಿ ತೆನೆ, ತೆನೆಯ ಪಕ್ಕ ನಗುವ ಅಜ್ಜಿ. ಹಿಂದೆ ತಿರುಗಿಸಿದರೆ ಇರುವೆ ಸಾಲಿನಂಥ ಅಕ್ಷರ. ನಮ್ಮ ದೇಶದ ಕಾನೂನಿನ ಪ್ರಕಾರ ಯಾವ ಪದಾರ್ಥ ಹೆಚ್ಚು ತೂಕದ್ದೋ ಅದನ್ನು ಮೊದಲು ಬರೆಯಬೇಕು. ಮೊದಲು ಮೈದಾ, ಆಮೇಲೆ ಸಕ್ಕರೆ, ಆಮೇಲೆ ತಾಳೆಣ್ಣೆ, ನಾಲ್ಕನೆಯದಾಗಿ ಸಂಕೋಚದಿಂದ ರಾಗಿ. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಂಗೂ ಮೀರಿ ಸುಣ್ಣದ ಅಂಶವಿದೆ, ಸುಳ್ಳಲ್ಲ. ಆದರೆ ಆ ನೂರು ಗ್ರಾಂ ರಾಗಿ ಹೊಟ್ಟೆಗಿಳಿಯಬೇಕಾದರೆ ಎಷ್ಟು ಪೊಟ್ಟಣ ಕುಕ್ಕಿ ತಿನ್ನಬೇಕು ಎಂಬ ಲೆಕ್ಕವನ್ನು ಆ ಅಜ್ಜಿ ಹೇಳುವುದಿಲ್ಲ, ನಗುತ್ತಾಳೆ. ಹಾಲಿಗೆ ಬೆರೆಸುವ ಪುಡಿಗಳಾದರೂ ಪಾಪ ಎಷ್ಟೋ ವರ್ಷ ‘ಆರೋಗ್ಯ ಪೇಯ’ ಎಂದು ಮೆರೆದವು. 2024ರ ಏಪ್ರಿಲಿನಲ್ಲಿ ಕೇಂದ್ರದ ವಾಣಿಜ್ಯ ಸಚಿವಾಲಯ ಆನ್‌ಲೈನ್ ಅಂಗಡಿಗಳಿಗೆ ಆ ಹಣೆಪಟ್ಟಿಯ ಕೆಳಗಿಂದ ಅವನ್ನು ತೆಗೆಯಿರಿ ಎಂದಿತು. ಹಣೆಪಟ್ಟಿ ಹೋಯಿತು, ಪುಡಿ ನಮ್ಮ ಕಪಾಟಿನಲ್ಲೇ ಇದೆ.

2025ರ ಮೇ ತಿಂಗಳಲ್ಲಿ ಸಿಬಿಎಸ್‌ಇ ತನ್ನ ಶಾಲೆಗಳಿಗೆಲ್ಲ ‘ಶುಗರ್ ಬೋರ್ಡ್’ ಹಾಕಲು ಹೇಳಿತು. ನಾಲ್ಕರಿಂದ ಹತ್ತು ವರ್ಷದ ಮಕ್ಕಳು ದಿನಕ್ಕೆ ತಿನ್ನುವ ಕ್ಯಾಲೊರಿಯಲ್ಲಿ ನೂರಕ್ಕೆ 13 ಪಾಲು ಸಕ್ಕರೆಯಿಂದಲೇ ಬರುತ್ತಿದೆ, ಇರಬೇಕಾದದ್ದು ನೂರಕ್ಕೆ 5 ಎಂಬುದು ಅದರ ಆತಂಕ. ನಮ್ಮಲ್ಲೂ ಬೋರ್ಡು ಬಂತು, ಚೆಂದವಾಗಿಯೇ ಬಂತು, ಯಾವ ತಂಪು ಪಾನೀಯದಲ್ಲಿ ಎಷ್ಟು ಚಮಚ ಎಂದು ಚಿತ್ರ ಸಮೇತ. ಉದ್ಘಾಟನೆಯ ದಿನ ಮಕ್ಕಳಿಗೆ ಒಂದೊಂದು ಚಾಕಲೇಟು ಹಂಚಿದರು. ಇನ್ನೊಂದು ನಿಯಮ 2020ರದ್ದು: ಕೊಬ್ಬು, ಉಪ್ಪು, ಸಕ್ಕರೆ ಅತಿಯಾದ ತಿನಿಸನ್ನು ಶಾಲೆಯ ಒಳಗಾಗಲಿ ಗೇಟಿನಿಂದ 50 ಮೀಟರ್ ಒಳಗಾಗಲಿ ಮಾರುವಂತಿಲ್ಲ. ನಮ್ಮ ಗೇಟಿನ ವಡಾಪಾವಿನವನು ಕಾನೂನು ಪಾಲಿಸುವ ಮನುಷ್ಯ. ಐವತ್ತೊಂದನೇ ಮೀಟರಿನಲ್ಲಿ ನಿಲ್ಲುತ್ತಾನೆ. ಶಾಲೆ ಬಿಟ್ಟಾಗ ಅವನ ಮುಂದಿನ ಸಾಲು ಗೇಟಿನವರೆಗೂ ಬರುತ್ತದೆ. ಸಾಲಿಗೆ ಕಾನೂನು ಅನ್ವಯಿಸುವುದಿಲ್ಲ.

ನನಗೆ ಹೆಚ್ಚು ನಾಚಿಕೆಯಾಗುವುದು ಬುಧವಾರ. ಇಡ್ಲಿ-ದೋಸೆಯ ದಿನ. ಈ ಊರಿಗೆ ಇಡ್ಲಿ ತಿನ್ನಿಸಿದ ಕುಲ ನಮ್ಮದು. ಮಾಟುಂಗಾ ಸ್ಟೇಷನ್ನಿನ ಬಳಿ ಎ. ರಾಮ ನಾಯಕರು 1942ರಲ್ಲಿ ಉಡುಪಿ ಶ್ರೀ ಕೃಷ್ಣ ಬೋರ್ಡಿಂಗ್ ತೆರೆದರು. ಇವತ್ತಿಗೂ ಅಲ್ಲಿ ಬಾಳೆಲೆ ಊಟಕ್ಕೆ ಜನ ಕಾಯುತ್ತಾರೆ. ಅನ್ನಕ್ಕೆ ಸಾರೋ ಸಾಂಬಾರೋ ಎಂದು ಕೇಳುತ್ತಾರೆಯೇ ಹೊರತು ಅನ್ನದಲ್ಲಿ ಮೊಲ ಬಿಡಿಸಿಕೊಡಲೇ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ನನ್ನ ಅಪ್ಪ ಹನ್ನೆರಡನೇ ವಯಸ್ಸಿಗೆ ಊರಿನಿಂದ ಬಂದು, ಹಗಲು ಇಂಥದೇ ಒಂದು ಹೋಟೆಲಿನಲ್ಲಿ ಟೇಬಲು ಒರೆಸಿ, ರಾತ್ರಿ ಕನ್ನಡ ರಾತ್ರಿಶಾಲೆಗೆ ಹೋದವರು. ಅವರ ಡಬ್ಬಿ ಎಂದರೆ ಪೇಪರಿನಲ್ಲಿ ಸುತ್ತಿದ ಎರಡು ಉಳಿಕೆ ಇಡ್ಲಿ. ಇಂಕು ಅಂಟಿಕೊಂಡು ಇಡ್ಲಿಯ ಮೇಲೆ ತಲೆಬರಹ ಮೂಡುತ್ತಿತ್ತಂತೆ. ಓದಿಕೊಂಡು ತಿನ್ನುತ್ತಿದ್ದೆವು ಅನ್ನುತ್ತಿದ್ದರು. ಲೆಕ್ಕ ಹಾಕಿದರೆ ನಮ್ಮ ಮನೆತನದಲ್ಲಿ ಡಬ್ಬಿಯ ಮೇಲೆ ಚಿತ್ತಾರ ಮೂಡಿಸಿದವರು ಅವರೇ ಮೊದಲಿಗರು. ಅವರ ಮೊಮ್ಮಗನಿಗೆ ಇಡ್ಲಿ ಬಿಳಿ ಇದ್ದರೆ ಬೋರು, ಗುಲಾಬಿ ಇದ್ದರೆ ಭಯ.

ಮನೆಕೆಲಸಕ್ಕೆ ಬರುವ ಮಾವಶಿಯ ಮಗಳೂ ಎರಡನೇ ಇಯತ್ತೆಯೇ, ಮಹಾನಗರಪಾಲಿಕೆಯ ಶಾಲೆ. ಅವಳಿಗೆ ಡಬ್ಬಿ ಇಲ್ಲ, ಶಾಲೆಯ ಖಿಚಡಿ. ಆಕಾರ, ಖಿಚಡಿಯದೇ. ಒಂದರಿಂದ ಐದನೇ ಇಯತ್ತೆಯ ಮಗುವಿಗೆ ದಿನಕ್ಕೆ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನು ಎಂದು ಸರಕಾರದ ಲೆಕ್ಕ. 2023ರ ನವೆಂಬರಿನಲ್ಲಿ ಮಹಾರಾಷ್ಟ್ರ ಸರಕಾರ ವಾರಕ್ಕೊಂದು ಮೊಟ್ಟೆಯನ್ನೂ ಸೇರಿಸಿತು, ಬೇಡವೆಂದವರಿಗೆ ಬಾಳೆಹಣ್ಣು. 2025ರ ಜನವರಿಯಲ್ಲಿ ಅದರ ದುಡ್ಡು ನಿಲ್ಲಿಸಿ, ಬೇಕಿದ್ದರೆ ಊರವರಿಂದ ವಂತಿಗೆ ಎತ್ತಿಕೊಳ್ಳಿ ಅಂದಿತು. ಇದೇ ಹೊತ್ತಿಗೆ ಕರ್ನಾಟಕದಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ದುಡ್ಡು ಸೇರಿಸಿಕೊಂಡು ವಾರಕ್ಕೆ ಆರು ದಿನ ಮೊಟ್ಟೆ ಕೊಡುತ್ತಿದ್ದರು. ಮಾವಶಿಗೆ ಇದನ್ನು ಹೇಳಬಾರದಿತ್ತು, ಹೇಳಿಬಿಟ್ಟೆ. ‘ನಿಮ್ಮ ಊರಿಗೆ ಬಸ್ಸು ಎಲ್ಲಿಂದ ಹೊರಡುತ್ತದೆ ಸಾಹೇಬ?’ ಅಂದಳು. ಅದೇ ದಿನ ನಮ್ಮ ಗುಂಪಿನಲ್ಲಿ ಬಯಲಲ್ಲಿ ಓಡಾಡಿಕೊಂಡಿರುವ ಕೋಳಿಯ ಮೊಟ್ಟೆ ಒಳ್ಳೆಯದೋ, ಬರೀ ಬಿಳಿಭಾಗ ಒಳ್ಳೆಯದೋ ಎಂದು ಅರವತ್ತೆರಡು ಮೆಸೇಜುಗಳ ಚರ್ಚೆ ನಡೆದಿತ್ತು. ಹಳದಿಭಾಗವನ್ನು ಏನು ಮಾಡುತ್ತಾರೆಂದು ಯಾರೂ ಬರೆಯಲಿಲ್ಲ. ಬಹುಶಃ ಅಲ್ಲೂ ಒಬ್ಬ ಅಪ್ಪ ನಿಂತಿರುತ್ತಾನೆ.

ಬುಧವಾರ ಫೀಸಿನ ಏನೋ ಗೊಂದಲಕ್ಕೆ ಶಾಲೆಗೆ ಹೋಗಬೇಕಾಯಿತು. ಸರಿಯಾಗಿ ಚಿಕ್ಕ ಸುಟ್ಟಿಯ ಹೊತ್ತು. ಕಾರಿಡಾರಿನ ಕಿಟಕಿಯಿಂದ ಇಣುಕಿದೆ. ಸುಟ್ಟಿ ಹದಿನೈದು ನಿಮಿಷ. ಕೈ ತೊಳೆಯುವ ಸಾಲಿಗೆ ಐದು ಹೋಯಿತು. ಐದು ಖಾನೆಯ ಡಬ್ಬಿಗಳ ನಾಲ್ಕು ಕಡೆಯ ಕ್ಲಿಪ್ಪು ತೆಗೆಯಲು ಎರಡು ಹೋಯಿತು. ನನ್ನ ಮಗ ಹಲ್ಲಿನಿಂದ ತೆಗೆದ. ಉಳಿದ ಎಂಟು ನಿಮಿಷದಲ್ಲಿ ನಾನು ಕಂಡದ್ದು ದಲಾಲ್ ಸ್ಟ್ರೀಟು. ಒಂದು ಥೇಪ್ಲಾಕ್ಕೆ ಎರಡು ಇಡ್ಲಿ. ಅರ್ಧ ಸ್ಯಾಂಡ್‌ವಿಚ್ಚಿಗೆ ಒಂದು ಮುಷ್ಟಿ ಚುರುಮುರಿ. ನನ್ನ ನಗುಮುಖದ ದೋಸೆ ಮೂರು ಕೈ ದಾಟಿ, ನಗುನಗುತ್ತಲೇ ಕಿಟಕಿ ಪಕ್ಕದ ಬೆಂಚಿನಲ್ಲಿ ಒಂದು ಮೇಥಿ ಪರಾಠೆಗೆ ಮಾರಾಟವಾಯಿತು. ಜೂನಿನಿಂದ ಖಾಲಿಯಾಗಿ ಬಂದ ನನ್ನ ಡಬ್ಬಿಗಳೆಲ್ಲ ಎಲ್ಲಿ ಹೋಗಿದ್ದವೆಂದು ಆಗ ತಿಳಿಯಿತು. ಸೋಮವಾರ ಮೊಸಳೆಗೆ ಗಿರಾಕಿ ಸಿಕ್ಕಿರಲಿಲ್ಲ, ಅಷ್ಟೇ.

ಆದರೆ ಬಾಜಾರು ಮುಗಿಬಿದ್ದದ್ದು ಕೊನೆಯ ಬೆಂಚಿನ ಹುಡುಗನ ಮೇಲೆ. ಹಳೆಯ ಸ್ಟೀಲು ಡಬ್ಬಿ, ಮುಚ್ಚಳದ ಮೇಲೆ ಪಾತ್ರೆ ಅಂಗಡಿಯಲ್ಲಿ ಚುಕ್ಕೆ ಚುಕ್ಕೆಯಾಗಿ ಕೆತ್ತಿಸಿದ ಯಾರದೋ ಹೆಸರು, ಬಹುಶಃ ಅಜ್ಜಿಯದು. ಒಳಗೆ ಮೊಸರನ್ನ. ಇಂಗು-ಸಾಸಿವೆಯ ಒಗ್ಗರಣೆ, ಬದಿಯಲ್ಲಿ ಒಂದು ತುಂಡು ಮಾವಿನ ಉಪ್ಪಿನಕಾಯಿ, ಅದರ ಸುತ್ತ ಅನ್ನ ಸ್ವಲ್ಪ ಕೆಂಪಾಗಿತ್ತು. ಆ ಕೆಂಪಾದ ಭಾಗಕ್ಕೇ ಜಗಳ. ಆರು ಕೈ, ಎರಡು ಚಮಚ, ಮೂರು ನಿಮಿಷ. ಟೀಚರ್ ನೋಡಿದರು, ಸುತ್ತೋಲೆ ನೆನಪಾಗಿರಬೇಕು, ಒಂದು ಹೆಜ್ಜೆ ಮುಂದೆ ಬಂದರು. ಆಮೇಲೆ ಏನನ್ನಿಸಿತೋ, ಬೋರ್ಡಿನತ್ತ ತಿರುಗಿ ಒರೆಸಿದ್ದನ್ನೇ ಮತ್ತೆ ಒರೆಸತೊಡಗಿದರು. ನನ್ನ ಮಗ, ಮನೆಯಲ್ಲಿ ಮೊಸರೆಂದರೆ ಮೂಗು ಮುರಿಯುವವನು, ಡಬ್ಬಿಯ ಮೂಲೆಯನ್ನು ಬೆರಳಿನಲ್ಲಿ ಬಳಿದು ನೆಕ್ಕಿದ.

ನಾಳೆ ಗುರುವಾರ, ಸಿರಿಧಾನ್ಯದ ದಿನ. ಅಮ್ಮ ಸ್ಟೀಲಿನ ದೊಡ್ಡ ಡಬ್ಬಿಯನ್ನು ಅಟ್ಟದಿಂದ ಇಳಿಸಿ ಹುಣಸೆಹುಳಿ ಹಾಕಿ ತಿಕ್ಕಿದ್ದಾಳೆ. ಹಾಲಿಗೆ ಹೆಪ್ಪು ಹಾಕಿ ಆಯಿತು. ಬೆಳಗ್ಗೆ ಆರು ಕೈಗೆ ಸಾಲುವಷ್ಟು ಮೊಸರನ್ನ ಕಟ್ಟುತ್ತೇನೆ. ಅಕ್ಕಿ ಕೋಲಂ, ಉಪ್ಪಿನಕಾಯಿ ಊರಿನದು. ಗುಂಪಿನಲ್ಲಿರುವವರು ಯಾರಾದರೂ ಇದನ್ನು ಓದಿದರೆ, ದಯವಿಟ್ಟು ಅದನ್ನು ಸಾಮೆಯೆಂದೇ ತಿಳಿಯಿರಿ.