‘ನಗದು ಮಾತ್ರ’ ಬೋರ್ಡಿನ ಮಾಲೀಕರಿಗೊಂದು ಅಭಿನಂದನಾ ಪತ್ರ

ನಮ್ಮ ಬೀದಿಯ ಪ್ರಾವಿಜನ್ ಸ್ಟೋರ್ ಮಾಲೀಕರಿಗೆ,

ಅಣ್ಣಾ,

2025ರ ಜುಲೈನಲ್ಲಿ ನೀವು ಸ್ಕ್ಯಾನರ್ ಕಿತ್ತು ‘ನೋ ಯುಪಿಐ, ಓನ್ಲಿ ಕ್ಯಾಶ್’ ಎಂಬ ರಟ್ಟು ತೂಗುಹಾಕಿದಾಗಲೇ ಅಭಿನಂದಿಸಬೇಕಿತ್ತು. ಬೆಂಗಳೂರಿನಲ್ಲಿ ಎಷ್ಟೋ ಆಡಿಟರುಗಳು ಫೀಸು ಪಡೆದು ತೆರಿಗೆ ಉಳಿಸುವ ಉಪಾಯ ಹೇಳುತ್ತಾರೆ. ನೀವು ಒಂದು ಸ್ಕೆಚ್ ಪೆನ್ನಿನಲ್ಲಿ ಮುಗಿಸಿದಿರಿ.

ನಿಮ್ಮ ಭಯಕ್ಕೆ ಕಾರಣವಿತ್ತು, ಒಪ್ಪುತ್ತೇನೆ. ವಾಣಿಜ್ಯ ತೆರಿಗೆ ಇಲಾಖೆ 2021-22ರಿಂದ 2024-25ರವರೆಗಿನ ಯುಪಿಐ ಜಮೆಗಳನ್ನು ಕೂಡಿಸಿ, ವರ್ಷಕ್ಕೆ 40 ಲಕ್ಷ ದಾಟಿದ ಸರಕಿನ ವ್ಯಾಪಾರಿಗಳಿಗೂ 20 ಲಕ್ಷ ದಾಟಿದ ಸೇವೆಯವರಿಗೂ ನೋಟಿಸ್ ಕಳಿಸಿತು. ನಾಲ್ಕು ವರ್ಷ ಸೊಗಸಾಗಿ ನಿದ್ದೆ ಮಾಡಿ, ಎದ್ದ ಬೆಳಿಗ್ಗೆಯೇ ನಾಲ್ಕೂ ವರ್ಷದ ಲೆಕ್ಕ ಕೇಳುವುದು ಎಲ್ಲರಿಗೂ ಒಲಿಯುವ ಶಿಸ್ತಲ್ಲ. ಹಾಲು, ತರಕಾರಿ ಮಾರುವವರೂ ಆ ಕೃಪೆಯಿಂದ ವಂಚಿತರಾಗಲಿಲ್ಲ. ಆ ಸರಕಿಗೆ ತೆರಿಗೆಯೇ ಇಲ್ಲವೆಂಬುದು ಆಮೇಲೆ ನೆನಪಾಯಿತು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳನ್ನು ಕರೆದು ಮಾತಾಡಿ, ನೋಂದಣಿ ಮಾಡಿಸಿಕೊಳ್ಳಿ, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಎಂದರು. ವ್ಯಾಪಾರಿಗಳು 25ಕ್ಕೆ ಕರೆದಿದ್ದ ಬಂದ್ ನಿಂತಿತು. ನಿಮ್ಮ ಬೋರ್ಡು ಮಾತ್ರ ಅಲ್ಲಾಡಲಿಲ್ಲ.

ಅದರ ಹಿಂದಿನ ಸಿದ್ಧಾಂತ ನನಗೆ ಬಹಳ ಇಷ್ಟ: ಸ್ಕ್ಯಾನ್ ಮಾಡಿದ ದುಡ್ಡಿಗೆ ತೆರಿಗೆ, ಎಣಿಸಿದ ದುಡ್ಡಿಗೆ ಇಲ್ಲ. ಜಿಎಸ್‌ಟಿ ಕಾನೂನು ಬರೆದವರಿಗೆ ಇದು ಹೊಳೆಯಲೇ ಇಲ್ಲ. ಅವರು ವಹಿವಾಟು ಎಷ್ಟೆಂದು ಕೇಳುತ್ತಾರೆಯೇ ಹೊರತು, ದುಡ್ಡು ಬ್ಯಾಂಕಿಗೆ ಬಂತೋ ಗಲ್ಲಾಪೆಟ್ಟಿಗೆಗೆ ಬಿತ್ತೋ ಎಂದಲ್ಲ. ವರ್ಷಕ್ಕೆ 40 ಲಕ್ಷವೆಂದರೆ ದಿನಕ್ಕೆ ಸುಮಾರು 11,000 ರೂಪಾಯಿ. ಹಾಲಿಗೆ ತೆರಿಗೆ ಇಲ್ಲದಿದ್ದರೂ, ಪಕ್ಕದಲ್ಲಿ ಸೋಪು, ಬಿಸ್ಕತ್ತು ಮಾರುವ ನಿಮ್ಮಂಥವರು ಆ ಗಡಿಯ ಲೆಕ್ಕಕ್ಕೆ ಹಾಲನ್ನೂ ಸೇರಿಸಿಕೊಳ್ಳಬೇಕು. ಬರೀ ಹಾಲು, ತರಕಾರಿಯನ್ನಷ್ಟೇ ಮಾರುವವರಿಗೆ ನೋಂದಣಿಯೇ ಬೇಡ.

ನಿಮ್ಮ ತ್ಯಾಗ ನಿಜವಾಗಿ ಬೆಳಗುವುದು ಆದಾಯ ತೆರಿಗೆಯಲ್ಲಿ. ಪುಸ್ತಕ ಬರೆದಿಡಲಾಗದ ಸಣ್ಣ ವ್ಯಾಪಾರಿಗೆಂದು ಅಲ್ಲೊಂದು ಅಂದಾಜು ಲಾಭದ ದಾರಿ ಇದೆ. ಆಡಿಟರುಗಳ ಬಾಯಲ್ಲಿ ಅದು 44ಎಡಿ. ಬ್ಯಾಂಕಿನ ಮೂಲಕ ಬಂದ ವಹಿವಾಟಿನಲ್ಲಿ ಕನಿಷ್ಠ ನೂರಕ್ಕೆ 6 ಲಾಭವೆಂದು ತೋರಿಸಿದರೆ ಸಾಕು. ನಗದಾದರೆ 8. ಲಾಭ ನಿಜಕ್ಕೂ ಹೆಚ್ಚಿದ್ದರೆ ಹೆಚ್ಚೇ ತೋರಿಸಬೇಕು, ಅದು ಬೇರೆ ಮಾತು. ಈಗ 2025-26ರ ಹೊಸ ಪದ್ಧತಿಯ ದರ ಹಿಡಿದು ಲೆಕ್ಕ ಹಾಕೋಣ. 2 ಕೋಟಿ ವಹಿವಾಟು ಪೂರ್ತಿ ಸ್ಕ್ಯಾನರಿನಲ್ಲೇ ಬಂದರೆ ಅಂದಾಜು ಲಾಭ 12 ಲಕ್ಷ. ಬೇರೆ ಆದಾಯವಿಲ್ಲದಿದ್ದರೆ ರಿಬೇಟ್ ಕಳೆದು ತೆರಿಗೆ ಸೊನ್ನೆ. ಅದೇ 2 ಕೋಟಿ ನಗದಾದರೆ ಲಾಭ 16 ಲಕ್ಷ, ಸೆಸ್ ಸೇರಿ ತೆರಿಗೆ 1,24,800 ರೂಪಾಯಿ. ಕಾನೂನು ಕೈಗಿಟ್ಟ ರಿಯಾಯಿತಿಯನ್ನು ಕಿತ್ತೆಸೆದು ಸರ್ಕಾರಕ್ಕೆ ದಾನ ಮಾಡಲು ಹೊರಟ ವ್ಯಾಪಾರಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ನಿಮ್ಮ ವ್ಯಾಪಾರ ಅಷ್ಟು ದೊಡ್ಡದಲ್ಲ, ಬಲ್ಲೆ. ಅಂದಮೇಲೆ ಆದಾಯ ತೆರಿಗೆಗೆ ಹೆದರಿ ಬೋರ್ಡು ಹಾಕುವ ಕಾರಣವೇ ಇರಲಿಲ್ಲ.

ಬೋರ್ಡು ಬರೆಯುವ ಹವ್ಯಾಸ ಬಿಡಲಾರಿರಿ ಎಂದಾದರೆ, ಕಾನೂನೇ ಬರೆಸುವ ಬೋರ್ಡೊಂದಿದೆ. ಜಿಎಸ್‌ಟಿಯ ರಾಜಿ ತೆರಿಗೆ ಪದ್ಧತಿಗೆ ಸೇರಿದವರು ತಾವು ರಾಜಿ ತೆರಿಗೆದಾರರೆಂದು ಅಂಗಡಿಯ ಮುಂದೆ ಬರೆಸಲೇಬೇಕು. ವರ್ಷಕ್ಕೆ 1.5 ಕೋಟಿವರೆಗಿನ ವ್ಯಾಪಾರಿಗೆ ಈ ದಾರಿ ತೆರೆದಿದೆ. ತೆರಿಗೆಯುಳ್ಳ ಸರಕಿನ ಮಾರಾಟಕ್ಕೆ ನೂರಕ್ಕೆ 1 ರೂಪಾಯಿ, ಮೂರು ತಿಂಗಳಿಗೊಮ್ಮೆ ಪಾವತಿ, ವರ್ಷಕ್ಕೊಂದು ರಿಟರ್ನ್. ಆ ಒಂದು ರೂಪಾಯಿಯನ್ನು ಗಿರಾಕಿಯಿಂದ ವಸೂಲಿ ಮಾಡುವಂತಿಲ್ಲ, ಖರೀದಿಯಲ್ಲಿ ಕಟ್ಟಿದ ತೆರಿಗೆ ವಾಪಸು ಸಿಗುವುದಿಲ್ಲ. ನೋವಿನ ಮಾತೇ. ಆದರೂ ತೆರಿಗೆಯ ಸರಕು 30 ಲಕ್ಷ ಮಾರಿದರೆ ತಿಂಗಳಿಗೆ 2,500 ರೂಪಾಯಿ. ಕೈಯಲ್ಲಿ ನೋಟಿಲ್ಲದೆ ವಾಪಸು ಹೋದ ಗಿರಾಕಿಗಳಿಂದ ನಿಮಗಾದ ನಷ್ಟ ಇದಕ್ಕಿಂತ ಕಡಿಮೆಯೋ ಎಂದು ನೀವೇ ಹೇಳಬೇಕು.

ನಿಮ್ಮ ಎರಡನೆಯ ಆವಿಷ್ಕಾರವನ್ನೂ ಮೆಚ್ಚದೆ ಇರಲಾರೆ. ಹಳೇ ಗಿರಾಕಿಗಳಿಗಾಗಿ ಕೌಂಟರಿನ ಕೆಳಗಿಂದ ಹೊರಬರುವ ಮೂರು ಸ್ಕ್ಯಾನರ್: ಒಂದು ಅತ್ತಿಗೆಯ ಹೆಸರಿನದು, ಒಂದು ಮಗನದು, ಒಂದು ಭಾಮೈದನದು. ಮೂರಕ್ಕೂ ಪ್ಯಾನ್ ಇದೆ, ಮೂರರ ಜಮೆಯೂ ಬ್ಯಾಂಕಿನ ದಾಖಲೆಯಲ್ಲಿದೆ. ನೋಟಿಸ್ ಬರುವುದಾದರೆ ಒಬ್ಬರ ಬದಲು ಮನೆಮಂದಿಗೆಲ್ಲ ಬರಲಿ ಎಂಬ ನಿಮ್ಮ ಉದಾರ ಮನಸ್ಸು ದೊಡ್ಡದು. ಅಷ್ಟು ಉದಾರರಾಗುವ ಮನಸ್ಸಿಲ್ಲದವರು ಅಂಗಡಿಗೆಂದೇ ಒಂದು ಖಾತೆ ತೆರೆಯುತ್ತಾರೆ. ಚೀಟಿ ಎತ್ತಿದ ದುಡ್ಡು, ಸ್ನೇಹಿತರ ಕೈಸಾಲ, ಮಗಳು ಕಳಿಸಿದ ಹಣ ಅದರೊಳಗೆ ಬೀಳದಂತೆ ನೋಡಿಕೊಳ್ಳುತ್ತಾರೆ. ಬೆರೆತುಹೋದರೆ ಎಲ್ಲವೂ ವಹಿವಾಟಿನಂತೆಯೇ ಕಾಣುತ್ತದೆ. ಅಲ್ಲವೆಂದು ಒಂದೊಂದನ್ನೂ ಬಿಡಿಸಿ ತೋರಿಸುವ ಕೆಲಸ ನಿಮ್ಮದು.

ನಿಮ್ಮ ನೆಮ್ಮದಿಗೆ ಭಂಗ ತರಲು ಇಷ್ಟು ಸಾಕು. ಆಡಿಟರ್ ಬಳಿ ಹೋಗುವುದಿದ್ದರೆ ಮಾರ್ಚ್‌ಗೆ ಮುಂಚೆ ಹೋಗಿ. 44ಎಡಿಯವರಿಗೆ ತೆರಿಗೆ ಬೀಳುವುದಾದರೆ ಮುಂಗಡ ತೆರಿಗೆಯ ಕೊನೇ ದಿನ ಮಾರ್ಚ್ 15. ರಿಟರ್ನ್ ಸಲ್ಲಿಸಿ ಎದ್ದು ಬರಬೇಡಿ. 30 ದಿನದೊಳಗೆ ಇ-ವೆರಿಫೈ ಮಾಡದಿದ್ದರೆ ಮಾಡಿದ ಕೆಲಸ ಕೆಟ್ಟಂತೆಯೇ.

ಇಂತಿ,
ನಿಮ್ಮ ಉದ್ದರಿ ಪುಸ್ತಕದಲ್ಲಿ ಹೆಸರಿರುವ ಗಿರಾಕಿ

ತಾ.ಕ.: ಚಿಲ್ಲರೆ ಇಲ್ಲವೆಂದು ಎರಡು ರೂಪಾಯಿಗೆ ಬದಲಾಗಿ ಕೊಡುತ್ತೀರಲ್ಲ, ಆ ಚಾಕೊಲೇಟೂ ಮಾರಾಟವೇ. ವಹಿವಾಟಿಗೆ ಸೇರಿಸಿಕೊಳ್ಳಿ.