ಜೋಂಗಾದ ಕ್ಲಚ್ ಮನೆಯಂಗಳದಲ್ಲೇ ಬಿಚ್ಚುವವರಿಗೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಗೆಳೆಯರೇ,

ಸೇನೆ ಹರಾಜಿಗೆ ಬಿಟ್ಟ ಜೋಂಗಾ ಕೊಂಡವರಿಗೂ ಕೊಳ್ಳಬೇಕೆಂದಿರುವವರಿಗೂ ಈ ಪತ್ರ. ನಿಸ್ಸಾನ್ ಪಟ್ರೋಲ್ 60ರ ಮಾದರಿಯಲ್ಲಿ, 1969ರಿಂದ 1999ರವರೆಗೆ ಜಬಲ್‌ಪುರದಲ್ಲಿ ಸೇನೆಗಾಗಿ ತಯಾರಾದ ಗಾಡಿ ಅದು. ಆರು ಸಿಲಿಂಡರಿನ, 3,956 ಸಿಸಿಯ ಎಂಜಿನ್. ಜಯಮಂಗಲಿ ನದಿಯ ಮರಳಿಗೂ ಪಾವಗಡದ ಬಂಡೆದಾರಿಗೂ ಹೇಳಿ ಮಾಡಿಸಿದಂತಿದೆ. ಸೇನೆಯಲ್ಲಿದ್ದಾಗ ಅದರ ಬೆನ್ನಿಗೆ ಒಂದಿಡೀ ವರ್ಕ್‌ಶಾಪ್ ಇತ್ತು. ಈಗಿರುವುದು ನಿಮ್ಮ ಮನೆ ಮುಂದಿನ ಬೇವಿನ ಮರ, ಒಂದು ಚೈನ್ ಪುಲ್ಲಿ, ನಾಲ್ಕು ಸ್ಪ್ಯಾನರ್.

ಅಷ್ಟರಲ್ಲೇ ಕ್ಲಚ್ ಹಾಕಬಹುದು. ಹಾಕಬೇಕು ಕೂಡ. ನಮ್ಮ ಗಾಡಿಯ ಒಳಗು ನಮಗೆ ತಿಳಿದಿರಬೇಕೆಂದು ನಂಬಿದವನು ನಾನು. ಆದರೆ ಸವೆಯಲೆಂದೇ ಮಾಡಿದ ಪ್ಲೇಟು ಕೂತಿರುವುದು ಎಲ್ಲಕ್ಕಿಂತ ಒಳಗೆ. ಮುಂದಿನ, ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ಎರಡನ್ನೂ ಕಳಚಬೇಕು. ಗೇರ್‌ಬಾಕ್ಸಿನ ಜೊತೆ ಟ್ರಾನ್ಸ್‌ಫರ್ ಕೇಸಿನ ಭಾರವೂ ಇಳಿಯಬೇಕು. ಇಷ್ಟು ಮಾಡಿದವರು ಬರೀ ಪ್ಲೇಟು ಬದಲಿಸಿ ಮುಚ್ಚಿಬಿಡಬೇಡಿ. ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್, ಫ್ಲೈವೀಲಿನ ನಡುವಿನ ಪೈಲಟ್ ಬೇರಿಂಗ್ ಎಲ್ಲವನ್ನೂ ನೋಡಿ. ಫ್ಲೈವೀಲ್ ಕಾದು ನೀಲಿಗಟ್ಟಿದ್ದರೆ ಲೇತಿಗೆ ಒಯ್ಯಿರಿ, ಬಿರುಕು ಆಳವಾಗಿದ್ದರೆ ಬದಲಿಸಿ. ಪ್ಲೇಟಿನ ಮೇಲೆ ಎಣ್ಣೆ ಜಿಡ್ಡಿದ್ದರೆ ತಪ್ಪು ಪ್ಲೇಟಿನದಲ್ಲ, ಎಂಜಿನ್ನಿನ ಹಿಂದಿನ ಆಯಿಲ್ ಸೀಲನ್ನೋ ಗೇರ್‌ಬಾಕ್ಸಿನ ಮುಂದಿನ ಸೀಲನ್ನೋ ಹಾಕದೆ ಹೊಸ ಪ್ಲೇಟು ಹಾಕಿದರೆ ಅದೂ ಜಾರುತ್ತದೆ.

ಹರಾಜಿನ ಗಾಡಿಗಳಲ್ಲಿ ಎಂಜಿನ್ ಬದಲಾಗಿರುವುದುಂಟು. ಹಾಗಾಗಿ ಹೆಸರು ಹೇಳಿ ಪ್ಲೇಟು ತರಬೇಡಿ. ಹಳೆಯದನ್ನು ಕೈಯಲ್ಲಿ ಹಿಡಿದು ಹೋಗಿ, ಅಗಲ ಅಳೆದು, ಸ್ಪ್ಲೈನಿನ ಹಲ್ಲು ಎಣಿಸಿ ತನ್ನಿ.

ಈಗ ನನಗೆ ನಿಜವಾಗಿ ದಿಗಿಲು ಹುಟ್ಟಿಸುವ ಮಾತು. ಹಳೆಯ ಕ್ಲಚ್ ಲೈನಿಂಗುಗಳಲ್ಲಿ ಕಲ್ನಾರು ಇರುತ್ತಿತ್ತು. ಬೆಲ್ ಹೌಸಿಂಗಿನ ಕಪ್ಪು ಧೂಳನ್ನು ಬಾಯಿಂದಲೋ ಗಾಳಿಯ ಪೈಪಿನಿಂದಲೋ ಊದಿದರೆ ಕಲ್ನಾರಿನ ಎಳೆಗಳು ಅಂಗಳದ ತುಂಬ ಹರಡುತ್ತವೆ. ಅದೇ ಅಂಗಳದಲ್ಲಿ ಕಡಲೆಕಾಯಿ ಒಣಗುತ್ತದೆ, ಅಲ್ಲೇ ಕೂತು ಹುಣಸೆಹಣ್ಣು ಬಿಡಿಸುತ್ತಾರೆ, ಬೆಳಿಗ್ಗೆ ಎದ್ದು ಗುಡಿಸುವವರು ಅವ್ವನೋ ಹೆಂಡತಿಯೋ. ಶ್ವಾಸಕೋಶಕ್ಕೆ ಹೊಕ್ಕ ಕಲ್ನಾರು ಹತ್ತಾರು ವರ್ಷ ಕಳೆದ ಮೇಲೆ ಕ್ಯಾನ್ಸರ್ ತರಬಲ್ಲದು. ಮೂಗಿಗೆ ಒಳ್ಳೆಯ ಮಾಸ್ಕ್ ಕಟ್ಟಿ, ಧೂಳನ್ನು ನೀರಿನಿಂದ ನೆನೆಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕವರಿನಲ್ಲಿ ಬಿಗಿಯಾಗಿ ಕಟ್ಟಿಡಿ. ಮಕ್ಕಳನ್ನು ಹತ್ತಿರ ಬಿಡಬೇಡಿ.

ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ಮಲಗಬಾರದು. ಸೈಜುಗಲ್ಲು, ಇಟ್ಟಿಗೆ ಕೊಟ್ಟು ನಿಲ್ಲಿಸುವುದೂ ಬೇಡ, ಅವು ಹೇಳದೆ ಒಡೆಯುತ್ತವೆ. ಗಟ್ಟಿ ನೆಲ, ಕಬ್ಬಿಣದ ಸ್ಟ್ಯಾಂಡು, ಚಕ್ರಕ್ಕೆ ಅಡ್ಡ ಕಟ್ಟಿಗೆ ಇರಲಿ. ಗೇರ್‌ಬಾಕ್ಸ್ ಇಳಿಸುವ ಮೊದಲು ಎಂಜಿನ್ನಿನ ಹಿಂಭಾಗಕ್ಕೂ ಆಸರೆ ಕೊಡಿ.

ಹೊಸ ಪ್ಲೇಟನ್ನು ನಡುಮಧ್ಯ ಕೂರಿಸಲು ಹಳೆಯ ಇನ್‌ಪುಟ್ ಶಾಫ್ಟ್ ಸಿಗದಿದ್ದರೆ ಬಡಗಿಯವರಿಂದ ಅಳತೆಗೆ ಸರಿಯಾಗಿ ಮರದ ಗೂಟ ಕಡೆಸಿಕೊಳ್ಳಿ. ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪಸ್ವಲ್ಪವೇ ಬಿಗಿಯಿರಿ. ಗೇರ್‌ಬಾಕ್ಸ್ ಒಳಗೆ ಹೋಗಲೊಲ್ಲದಾದರೆ ಬೋಲ್ಟು ಹಾಕಿ ಎಳೆಯಬೇಡಿ, ಅದರ ಭಾರವನ್ನು ಪ್ಲೇಟಿನ ಮೇಲೆ ನೇತುಬಿಡಲೂ ಬೇಡಿ. ಪ್ಲೇಟು ಬಾಗಿದರೆ ಕ್ಲಚ್ ಪೂರ್ತಿ ಬಿಡುವುದಿಲ್ಲ, ಮತ್ತೆ ಎಲ್ಲ ಇಳಿಸಬೇಕು.

ಕೊನೆಗೆ ಪೆಡಲಿನ ಫ್ರೀ ಪ್ಲೇ ಸರಿಮಾಡಿ. ಏರಿನಲ್ಲಿ ಹಾಫ್ ಕ್ಲಚ್‌ನಲ್ಲಿ ಗಾಡಿ ಹಿಡಿದು ನಿಲ್ಲಿಸುವ ಚಾಳಿ ಬಿಡಿ, ಅದಕ್ಕೆ ಹ್ಯಾಂಡ್‌ಬ್ರೇಕ್ ಇದೆ. ಬಂಡೆ ಹತ್ತುವಾಗ ಲೋ ರೇಂಜ್ ಹಾಕಿ, ಪ್ಲೇಟು ಉಳಿಯುತ್ತದೆ. ಯಾವ ಅಳತೆಯ ಪ್ಲೇಟು, ಎಷ್ಟು ಹಲ್ಲು, ಯಾವ ಬೇರಿಂಗ್ ನಂಬರು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಗಾಡಿಯಲ್ಲೇ ಇಡಿ, ಇನ್ನೊಂದು ಪ್ರತಿಯನ್ನು ನಿಮ್ಮೂರಿನ ಲೇತಿನವರಿಗೆ ಕೊಡಿ.

ಇಂತಿ,
ನಿಮ್ಮ ಸೀಮೆಯವನೊಬ್ಬ