ಒಂದು ಬದಿ ‘ಸರ್ವರ್ ಇಲ್ಲ’, ಇನ್ನೊಂದು ಬದಿ ‘ಊಟದ ಸಮಯ’

‘ಅಡಚಣೆಗಾಗಿ ವಿಷಾದಿಸುತ್ತೇವೆ’ ಎಂದು ಬರೆದ ಪುಣ್ಯಾತ್ಮರಿಗೆ,

ಸರದಿಯಲ್ಲಿ ಹದಿನೇಳನೆಯವನಾಗಿ ನಿಂತವನ ಸಾಷ್ಟಾಂಗ ನಮಸ್ಕಾರಗಳು.

ಸರ್ವರ್ ಮೇಲ್ದರ್ಜೆಗೇರಿಸುವ ಕೆಲಸವಿದೆ, ಶುಕ್ರವಾರ ರಾತ್ರಿ 10ರಿಂದ ಸೋಮವಾರ ಬೆಳಿಗ್ಗೆ 6ರವರೆಗೆ ಸೇವೆ ಇರುವುದಿಲ್ಲ ಎಂದು ಅಪ್ಪಣೆ ಕೊಡಿಸಿದ್ದಿರಿ. ನಿಲ್ಲಿಸುವುದರಲ್ಲಿ ತಮ್ಮ ಸಮಯಪ್ರಜ್ಞೆಗೆ ಸಾಟಿಯಿಲ್ಲ. ಹತ್ತು ಹೊಡೆಯಿತು, ಓಟಿಪಿ ಬಂದಿತ್ತು, ಅರ್ಜಿ ಮಾಯ. ಈಗ ಬುಧವಾರ ಮಧ್ಯಾಹ್ನ.

ನಮ್ಮ ಕಚೇರಿಯ ಕಿಟಕಿ ಸರಳಿಗೆ ದಾರ ಕಟ್ಟಿ ಒಂದು ಬೋರ್ಡು ನೇತುಹಾಕಿದ್ದಾರೆ. ಒಂದು ಬದಿ ‘ಸರ್ವರ್ ಇಲ್ಲ’, ತಿರುಗಿಸಿದರೆ ‘ಊಟದ ಸಮಯ’. ಕಂಪ್ಯೂಟರಿಗೆ ಸೊನ್ನೆ, ಒಂದು ಇದ್ದ ಹಾಗೆ ಇಲ್ಲಿಗೆ ಈ ಎರಡೇ ಸ್ಥಿತಿ. ಗಮನಿಸಿ, ಬೋರ್ಡಿಗೆ ಲ್ಯಾಮಿನೇಷನ್ ಮಾಡಿಸಿದ್ದಾರೆ. ಎರಡು ದಿನದ ಅಡಚಣೆಗೆ ಯಾರೂ ಲ್ಯಾಮಿನೇಷನ್ ಖರ್ಚು ಮಾಡುವುದಿಲ್ಲ.

ಪಹಣಿಗೆ ಬಂದ ಅಜ್ಜಿಯೊಬ್ಬರು ಕೇಳಿದರು: “ಅದ್ಯಾವನಪ್ಪ ಆ ಸರ್ವರ್ರು, ಮೂರು ದಿನದಿಂದ ರಜಾ ಹಾಕವ್ನೆ? ಅವನ ಜಾಗಕ್ಕೆ ಇನ್ನೊಬ್ಬನ್ನ ಕೂರಿಸಬಾರ್ದಾ?”

ಎಲ್ಲರೂ ನಕ್ಕೆವು. ಆಮೇಲೆ ನಗು ಒಣಗಿತು. ಅಜ್ಜಿ ಹೇಳಿದ್ದು ತಮ್ಮ ವಿದ್ಯೆಯ ಮೊದಲ ಪಾಠವನ್ನೇ ಅಲ್ಲವೇ? ಒಳ್ಳೆಯ ಸರ್ವರಿಗೆ ಎರಡು ಪವರ್ ಸಪ್ಲೈ, ಓಡುತ್ತಿರುವಾಗಲೇ ಬಿಚ್ಚಿ ಬದಲಿಸಬಹುದಾದ ಡಿಸ್ಕು, ಪಕ್ಕದಲ್ಲಿ ಅದೇ ಕೆಲಸಕ್ಕೆ ತಯಾರಾಗಿ ನಿಂತ ಇನ್ನೊಂದು ಯಂತ್ರ. ಬೋರ್‌ವೆಲ್ ಮೋಟಾರ್ ಎತ್ತುವ ಮೊದಲು ಟ್ಯಾಂಕು, ಡ್ರಮ್ಮು, ಕೊನೆಗೆ ಚೊಂಬನ್ನೂ ತುಂಬಿಟ್ಟುಕೊಳ್ಳುವ ಬುದ್ಧಿ ನಮಗಿದೆ.

ನಿಲ್ಲಿಸಲೇಬಾರದು ಎಂದು ನಾನು ಹಟ ಹಿಡಿಯುವುದಿಲ್ಲ. ಹಳೆಯ ಯಂತ್ರದ ಲೆಕ್ಕವನ್ನು ಹೊಸದಕ್ಕೆ ಸಾಗಿಸುವಾಗ ನಡುವೆ ಯಾರೋ ಹಳೆಯದರಲ್ಲೇ ಏನನ್ನಾದರೂ ಬರೆದರೆ ಅದು ದಾರಿಯಲ್ಲೇ ಕಳೆದುಹೋದೀತು. ಬಾಗಿಲು ಹಾಕಿ, ಸರಿ. 2021ರ ಮೇ 23ರ ಭಾನುವಾರ ರಿಸರ್ವ್ ಬ್ಯಾಂಕ್ ಕೂಡ ತಾಂತ್ರಿಕ ಸುಧಾರಣೆಗೆಂದು ನೆಫ್ಟ್ ನಿಲ್ಲಿಸುವುದಾಗಿ ಸಾರಿತ್ತು: ನಡುರಾತ್ರಿಯಿಂದ ಮಧ್ಯಾಹ್ನ 2ರವರೆಗೆ. ಆರ್‌ಟಿಜಿಎಸ್ ಎಂದಿನಂತೆ ನಡೆಯುತ್ತದೆ ಎಂದೂ ಅದರಲ್ಲೇ ಹೇಳಿತ್ತು. ಅಂದರೆ, ಇನ್ನೊಬ್ಬನನ್ನು ಕೂರಿಸಿತ್ತು.

ತಮ್ಮ ಗಣಿತಕ್ಕಂತೂ ಕೈ ಮುಗಿಯಬೇಕು. ಶೇ. 99.9 ಸೇವೆ ಎಂದರೆ ವರ್ಷಕ್ಕೆ ಸುಮಾರು ಎಂಟೂಮುಕ್ಕಾಲು ಗಂಟೆ ಮಾತ್ರ ನಿಲ್ಲಬಹುದು. ಆದರೆ ಮೊದಲೇ ಹೇಳಿ ನಿಲ್ಲಿಸಿದ್ದು ಈ ಲೆಕ್ಕಕ್ಕೆ ಸೇರದು ಎಂಬ ಷರತ್ತು ಒಪ್ಪಂದಗಳಲ್ಲಿ ಸಾಮಾನ್ಯ. ಅದು ‘ಯೋಜಿತ’ವಂತೆ! ನಮ್ಮ ಯೋಜನೆಗಳು ಮಾತ್ರ ಯಾರ ಲೆಕ್ಕದಲ್ಲೂ ಇಲ್ಲ. ಅಜ್ಜಿಗೆ ಬಸ್ಸು ಪುಕ್ಕಟೆ, ನಿಜ; ಮೂರು ದಿನದ ಕೂಲಿ ಹೋಯಿತಲ್ಲ? ನನ್ನ ಶುಲ್ಕಕ್ಕೆ ಸೋಮವಾರವೇ ಕೊನೆಯ ದಿನವಾಗಿತ್ತು. ಇಡೀ ವ್ಯವಸ್ಥೆ ಮಲಗಿದ್ದಾಗ ದಂಡ ಹಾಕುವ ಭಾಗವೊಂದು ನಿದ್ದೆಗೆಟ್ಟು ದುಡಿದಿದೆ. ಮೆಸೇಜು ಮಂಗಳವಾರ ಬೆಳಿಗ್ಗೆಯೇ ಬಂತು.

ಅಜ್ಜಿ ನಾಳೆಯೂ ಬರುತ್ತಾರಂತೆ. ಅವರ ಊರಿನ ಬಸ್ಸು ಹೊರಡುವುದು 8:40ಕ್ಕೆ. ಬೋರ್ಡು ಯಾವ ಬದಿಗಿದೆ ಎಂದು ಅಷ್ಟರೊಳಗೆ ದಯವಿಟ್ಟು ತಿಳಿಸಿ.

ಇಂತಿ ತಮ್ಮ ವಿಧೇಯ,
ಟೋಕನ್ ನಂ. 17